‘ಸರ್, ಇದು ಸರಿಯಿಲ್ಲ’: ಕೆಳಗಿನವರ ಮಾತು ಮೇಲಕ್ಕೆ ತಲುಪುವುದು ಹೇಗೆ?

2010ರ ಮೇ 22ರ ಬೆಳಗ್ಗೆ ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಗುಡ್ಡದ ತಲೆ ಸವರಿ ಕಟ್ಟಿದ ರನ್‌ವೇಯ ಬಗ್ಗೆ ಆಗ ಬಹಳ ಚರ್ಚೆ ನಡೆಯಿತು. ತನಿಖಾ ವರದಿ ಮುಖ್ಯ ಕಾರಣ ಎಂದು ಹೇಳಿದ್ದು ಮಾತ್ರ ಕಾಕ್‌ಪಿಟ್‌ನೊಳಗೆ ನಡೆದದ್ದನ್ನು. ಇಳಿಯುವ ಹೊತ್ತಿಗೆ ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಸಹ-ಪೈಲಟ್ ಅದನ್ನು ಗಮನಿಸಿ ‘ಗೋ ಅರೌಂಡ್’ ಎಂದು ಮೂರು ಸಲ ಹೇಳಿದರು. ಈಗ ಇಳಿಸುವುದು ಬೇಡ, ಮತ್ತೆ ಮೇಲೇರಿ ಒಂದು ಸುತ್ತು ಹಾಕಿ ಬರೋಣ ಎಂಬುದು ಅದರ ಅರ್ಥ. ಅಪಾಯದ ಎಚ್ಚರಿಕೆ ಕೊಡುವ ಯಂತ್ರವೂ ಕೂಗುತ್ತಿತ್ತು. ಹಾರಾಟದಲ್ಲಿ ಬಹಳ ಹೊತ್ತು ನಿದ್ರಿಸಿ ಎದ್ದಿದ್ದ ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರು. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರಗಳು ನೆಲ ಮುಟ್ಟಿದವು.

ತಪ್ಪು ಕಂಡವರು ಪಕ್ಕದ ಸೀಟಿನಲ್ಲೇ ಇದ್ದರು. ಕಂಡದ್ದನ್ನು ಬಾಯಿಬಿಟ್ಟು ಹೇಳಿಯೂ ಇದ್ದರು. ಆದರೂ ಅವರ ಮಾತಿನಿಂದ ನಿರ್ಧಾರ ಬದಲಾಗಲಿಲ್ಲ. ಯಾಕೆ ಹೀಗಾಗುತ್ತದೆ, ಇದನ್ನು ತಪ್ಪಿಸಲು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ವಿಮಾನಯಾನ ಕ್ಷೇತ್ರ ಸುಮಾರು ಐವತ್ತು ವರ್ಷಗಳಿಂದ ಅಧ್ಯಯನ ಮಾಡುತ್ತ ಬಂದಿದೆ. ಸಿಕ್ಕ ಉತ್ತರಗಳು ಪೈಲಟ್‌ಗಳಿಗಷ್ಟೇ ಸೀಮಿತವಲ್ಲ. ಗಾರ್ಮೆಂಟ್ಸ್‌ನ ಲೈನ್ ಸೂಪರ್‌ವೈಸರ್, ವಾರ್ಡಿನ ಇನ್‌ಚಾರ್ಜ್ ಸಿಸ್ಟರ್, ಬ್ಯಾಂಕ್ ಶಾಖೆಯ ಮ್ಯಾನೇಜರ್, ಸಾಫ್ಟ್‌ವೇರ್ ಕಂಪನಿಯ ಟೀಮ್ ಲೀಡ್ ಎಲ್ಲರಿಗೂ ಅವು ಬೇಕು. ಇವರಲ್ಲಿ ಬಹುತೇಕರಿಗೆ ಬಡ್ತಿ ಸಿಕ್ಕಿದ್ದು ಕೆಲಸದಲ್ಲಿ ಚುರುಕಾಗಿದ್ದಾರೆ ಎಂಬ ಕಾರಣಕ್ಕೆ. ಮರುದಿನದಿಂದ ಹತ್ತಿಪ್ಪತ್ತು ಜನರನ್ನು ನಡೆಸಬೇಕು. ಅದನ್ನು ಹೇಗೆ ಮಾಡಬೇಕೆಂದು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ.

ಅಧಿಕಾರದ ಇಳಿಜಾರು ಎಂದರೇನು?

ಜೊತೆಗೆ ಕೆಲಸ ಮಾಡುವ ಇಬ್ಬರ ನಡುವೆ ಹುದ್ದೆ, ವಯಸ್ಸು, ಅನುಭವಗಳಿಂದ ಹುಟ್ಟುವ ಏರುತಗ್ಗಿಗೆ ಸುರಕ್ಷತಾ ತಜ್ಞರು ಅಧಿಕಾರದ ಇಳಿಜಾರು ಎನ್ನುತ್ತಾರೆ. ಮೇಲಿನವರನ್ನು ಪ್ರಶ್ನಿಸಲು ಕೆಳಗಿನವರು ಅಂಜುವಂತಿದ್ದರೆ ಇಳಿಜಾರು ಕಡಿದಾಗಿದೆ ಎಂದರ್ಥ. ಅದು ಪೂರ್ತಿ ಸಪಾಟಾದರೂ ತೊಂದರೆಯೇ. ಎಲ್ಲರೂ ಮಾತಾಡುತ್ತಾರೆ, ನಿರ್ಧಾರ ಮಾಡುವವರು ಯಾರೆಂದು ಗೊತ್ತಾಗುವುದಿಲ್ಲ, ತುರ್ತಿನಲ್ಲಿ ಕೆಲಸ ನಿಂತುಹೋಗುತ್ತದೆ. ಕೊನೆಯ ತೀರ್ಮಾನ ಒಬ್ಬರದ್ದೇ ಆಗಿದ್ದು, ಅದಕ್ಕೆ ಮೊದಲು ಎಲ್ಲರ ಕಣ್ಣಿಗೆ ಬಿದ್ದದ್ದು ಆ ಒಬ್ಬರಿಗೆ ತಲುಪಬೇಕು.

ಕಾಲುವೆಯ ನೀರು ಇಳಿಜಾರಿಗೆ ತಾನಾಗಿ ಹರಿಯುತ್ತದೆ. ಅದೇ ನೀರು ಮೇಲಿನ ಗದ್ದೆಗೆ ಹತ್ತಬೇಕಾದರೆ ಪಂಪ್‌ಸೆಟ್ ಇಡಬೇಕು. ಕೆಲಸದ ಜಾಗದಲ್ಲೂ ಆದೇಶ ಕೆಳಕ್ಕೆ ಸಲೀಸಾಗಿ ಇಳಿಯುತ್ತದೆ, ಮಾಹಿತಿ ಮೇಲಕ್ಕೆ ಹತ್ತುವುದಿಲ್ಲ. ಹತ್ತಿಸುವ ಏರ್ಪಾಡನ್ನು ಮೇಲಿರುವವರೇ ಮಾಡಬೇಕು, ಏಕೆಂದರೆ ಕೆಳಗಿರುವವರ ಕೈಯಲ್ಲಿ ಅದಕ್ಕೆ ಬೇಕಾದ ಅಧಿಕಾರ ಇರುವುದಿಲ್ಲ. ‘ಕಿರಿಯರು ಧೈರ್ಯ ಮಾಡಿ ಹೇಳಬೇಕಿತ್ತು’ ಎಂದು ಪ್ರತಿ ಅನಾಹುತದ ನಂತರ ಕೇಳಿಬರುವ ಮಾತು ಅರ್ಧ ಮಾತ್ರ ನಿಜ. ಧೈರ್ಯವನ್ನೇ ನಂಬಿದ ವ್ಯವಸ್ಥೆ ಧೈರ್ಯವಿಲ್ಲದ ದಿನ ಕೈಕೊಡುತ್ತದೆ.

ಟೆನೆರಿಫ್, 1977

ಈ ಅಧ್ಯಯನಕ್ಕೆ ನೂಕು ಕೊಟ್ಟ ದೊಡ್ಡ ಘಟನೆ ನಡೆದದ್ದು 1977ರ ಮಾರ್ಚ್ 27ರಂದು, ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪಗಳ ಟೆನೆರಿಫ್‌ನಲ್ಲಿ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದ ಕಾರಣ ಹಲವು ವಿಮಾನಗಳನ್ನು ಅಲ್ಲಿನ ಚಿಕ್ಕ ನಿಲ್ದಾಣಕ್ಕೆ ಕಳಿಸಲಾಗಿತ್ತು. ದಟ್ಟ ಮಂಜು ಕವಿದಿತ್ತು. ಕೆಎಲ್ಎಂ ಮತ್ತು ಪ್ಯಾನ್ ಆ್ಯಮ್ ಕಂಪನಿಗಳ ಎರಡು ಬೋಯಿಂಗ್ 747ಗಳು ಒಂದೇ ರನ್‌ವೇಯಲ್ಲಿದ್ದವು. ಕಂಟ್ರೋಲ್ ಟವರ್‌ಗೆ ಅವು ಕಾಣುತ್ತಿರಲಿಲ್ಲ, ಒಂದಕ್ಕೊಂದೂ ಕಾಣುತ್ತಿರಲಿಲ್ಲ.

ಕೆಎಲ್ಎಂ ಕ್ಯಾಪ್ಟನ್ ಆ ಕಂಪನಿಯಲ್ಲಿ 747 ಪೈಲಟ್‌ಗಳಿಗೆ ತರಬೇತಿ ಕೊಡುವ ವಿಭಾಗದ ಮುಖ್ಯಸ್ಥರು. ಪಕ್ಕದಲ್ಲಿ ಕೂತಿದ್ದ ಸಹ-ಪೈಲಟ್‌ನ ಅರ್ಹತಾ ಪರೀಕ್ಷೆ ನಡೆಸಿದ್ದವರೂ ಅವರೇ. ಅವರು ಮೊದಲ ಸಲ ಎಂಜಿನ್ ವೇಗ ಹೆಚ್ಚಿಸಿದಾಗ, ಇನ್ನೂ ಅನುಮತಿ ಬಂದಿಲ್ಲ ಎಂದು ಸಹ-ಪೈಲಟ್ ಹೇಳಿದರು. ಗೊತ್ತು, ಕೇಳು ಎಂದರು ಕ್ಯಾಪ್ಟನ್. ಟವರ್‌ನಿಂದ ಬಂದದ್ದು ಹಾರಿದ ಮೇಲೆ ಹಿಡಿಯಬೇಕಾದ ಮಾರ್ಗದ ವಿವರವೇ ಹೊರತು ಹಾರಲು ಅನುಮತಿ ಅಲ್ಲ. ಕ್ಯಾಪ್ಟನ್ ಮತ್ತೆ ಹೊರಟರು. ಒಮ್ಮೆ ತಿದ್ದಿದ್ದ ಸಹ-ಪೈಲಟ್ ಎರಡನೇ ಸಲ ತಿದ್ದಲಿಲ್ಲ. ತಡೆಯಬಹುದಾಗಿದ್ದ ಎರಡು ರೇಡಿಯೊ ಸಂದೇಶಗಳು ಏಕಕಾಲಕ್ಕೆ ಬಂದು ಕರ್ಕಶ ಸದ್ದಾಗಿ ಹೋದವು. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್ ಮಾತ್ರ, ಆ ಪ್ಯಾನ್ ಆ್ಯಮ್ ವಿಮಾನ ಇನ್ನೂ ರನ್‌ವೇ ಬಿಟ್ಟು ಹೋಗಿಲ್ಲವೇನೋ ಎಂದು ಕೇಳಿದರು. ಹೋಗಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಉತ್ತರಿಸಿದರು. ಎಂಜಿನಿಯರ್ ಸುಮ್ಮನಾದರು. ಕೆಲವೇ ಸೆಕೆಂಡುಗಳಲ್ಲಿ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ವಿಮಾನಯಾನದ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಜನ ಸತ್ತ ಇನ್ನೊಂದು ಅಪಘಾತ ನಡೆದಿಲ್ಲ.

ಎಂಜಿನಿಯರ್ ಕೇಳಿದ್ದು ಪ್ರಶ್ನೆ. ಅದಕ್ಕೆ ಗಟ್ಟಿ ಉತ್ತರ ಬಂತು, ವಿಷಯ ಅಲ್ಲಿಗೆ ಮುಗಿಯಿತು. ‘ನನಗೆ ಖಾತ್ರಿ ಇಲ್ಲ, ನಿಲ್ಲಿಸಿ’ ಎಂದಿದ್ದರೆ ಕ್ಯಾಪ್ಟನ್ ಏನಾದರೂ ಮಾಡಲೇಬೇಕಾಗುತ್ತಿತ್ತು. ಪ್ರಶ್ನೆಯ ರೂಪದಲ್ಲಿ ಬಂದ ಎಚ್ಚರಿಕೆಯನ್ನು ತಳ್ಳಿಹಾಕುವುದು ಬಹಳ ಸುಲಭ.

ಸೂಚನೆ ಕೊಟ್ಟು ಕಾಯುವುದು

ಕಿರಿಯರು ಸಾಮಾನ್ಯವಾಗಿ ಸುಮ್ಮನಿರುವುದಿಲ್ಲ, ಸುಳಿವು ಕೊಡುತ್ತಾರೆ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಹಿಮ ಸುರಿಯುವಾಗ ಹೊರಟ ಏರ್ ಫ್ಲಾರಿಡಾ ವಿಮಾನದ ಸಹ-ಪೈಲಟ್, ಹೊರಡುವ ಮುನ್ನ ಹಿಮಗಡ್ಡೆಯ ಮಾತನ್ನು ಹಲವು ಸಲ ತೆಗೆದರು. ಒಮ್ಮೆಯೂ ಅದು ‘ಹೊರಡುವುದು ಬೇಡ’ ಎಂಬ ರೂಪ ತಾಳಲಿಲ್ಲ. ರನ್‌ವೇಯಲ್ಲಿ ಓಡುವಾಗ ಎಂಜಿನ್ ಅಳತೆ ತೋರಿಸುವ ಮುಳ್ಳು ನೋಡಿ ಇದು ಸರಿಯಿಲ್ಲ ಎಂದರು. ಸರಿಯಿದೆ ಎಂದರು ಕ್ಯಾಪ್ಟನ್. ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆ ಮೇಲಿದ್ದ ನಾಲ್ವರೂ ಸೇರಿ 78 ಜನ ಸತ್ತರು.

ನಮ್ಮ ಆಫೀಸುಗಳಲ್ಲಿ ಇದೇ ಸುಳಿವು ‘ಸರ್, ಒಂದ್ಸಲ ನೋಡಿಬಿಟ್ಟಿದ್ರೆ ಒಳ್ಳೇದಿತ್ತೇನೋ’ ಎಂದು ಬರುತ್ತದೆ. ಹೇಳಿದವರ ಮನಸ್ಸಿನಲ್ಲಿ ಅದು ದೊಡ್ಡ ಎಚ್ಚರಿಕೆ. ಕೇಳಿದವರಿಗೆ ಅದು ಹತ್ತು ಮಾತುಗಳಲ್ಲಿ ಒಂದು. ಹಿರಿಯರಿಗೆ ಎದುರು ಮಾತಾಡಬಾರದು ಎಂದು ಮನೆಯಲ್ಲೂ ಶಾಲೆಯಲ್ಲೂ ಕಲಿತು ಬೆಳೆದವರು ಕೆಲಸಕ್ಕೆ ಸೇರಿದ ದಿನ ಅದನ್ನು ಮರೆಯುವುದಿಲ್ಲ. ಮರೆಯಲಿ ಎಂದು ಬಯಸುವ ಅಗತ್ಯವೂ ಇಲ್ಲ. ಮರ್ಯಾದೆ ಉಳಿಸಿಕೊಂಡೇ ಮಾತನ್ನು ಗಟ್ಟಿ ಮಾಡುತ್ತ ಹೋಗುವ ದಾರಿ ಇದೆ. ಪೈಲಟ್‌ಗಳಿಗೂ ನರ್ಸ್‌ಗಳಿಗೂ ಇದನ್ನು ನಾಲ್ಕು ಮೆಟ್ಟಿಲುಗಳಾಗಿ ಕಲಿಸುತ್ತಾರೆ. ಗಾರ್ಮೆಂಟ್ಸ್ ಲೈನಿಗೆ ಬಂದ ಬಂಡಲ್‌ನ ಬಣ್ಣ ಬೇರೆಯಾಗಿರುವುದು ಒಬ್ಬ ಟೈಲರ್ ಕಣ್ಣಿಗೆ ಬಿತ್ತು ಎಂದುಕೊಳ್ಳಿ.

ಮೊದಲು ಗಮನ ಸೆಳೆಯುವುದು: ‘ಸರ್, ಈ ಬಂಡಲ್ ಬಣ್ಣ ನೋಡಿದ್ರಾ?’

ಆಮೇಲೆ ಅಪಾಯ ಏನೆಂದು ಹೇಳುವುದು: ‘ಇದು ಸ್ಯಾಂಪಲ್‌ಗಿಂತ ಗಾಢ ಇದೆ. ಹೀಗೇ ಹೊಲಿದರೆ ತೋಳು ಒಂದು ಬಣ್ಣ, ಮುಂಭಾಗ ಒಂದು ಬಣ್ಣ ಆಗುತ್ತೆ.’

ಆಗಲೂ ಉತ್ತರ ಬಾರದಿದ್ದರೆ ನಿರ್ದಿಷ್ಟವಾಗಿ ಏನು ಆಗಬೇಕೆಂದು ಹೇಳುವುದು: ‘ಈ ಬಂಡಲ್ ಲೈನ್‌ಗೆ ಬಿಡೋದು ಬೇಡ ಸರ್. ಕ್ವಾಲಿಟಿಯವರು ನೋಡೋವರೆಗೂ ಪಕ್ಕಕ್ಕಿಡೋಣ.’

ಕೊನೆಗೆ ತಾವೇ ನಿಲ್ಲಿಸುವುದು: ‘ಸರ್, ಬಂಡಲ್ ತಡೆದಿದ್ದೀನಿ. ಕ್ವಾಲಿಟಿಯವರಿಗೆ ಹೇಳಿ ಕಳಿಸಿದ್ದೀನಿ.’

ನಾಲ್ಕನೇ ಮೆಟ್ಟಿಲು ಏರಲು ಮುಂಚಿತವಾಗಿ ಕೊಟ್ಟ ಅನುಮತಿ ಬೇಕು. ಮಂಗಳೂರಿನ ವರದಿ ಈ ಅಂಶವನ್ನು ನೇರವಾಗಿ ಎತ್ತಿದೆ. ಸಹ-ಪೈಲಟ್ ಹೇಳಿದರು, ಆದರೆ ನಿಯಂತ್ರಣ ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಸಹ-ಪೈಲಟ್‌ಗೆ ಆ ಅಧಿಕಾರ ಕೊಡುವ ಸೂಚನೆಗಳೇ ಅಸ್ಪಷ್ಟವಾಗಿದ್ದದ್ದು ಬಹುಶಃ ಇದಕ್ಕೆ ಕಾರಣ ಎಂದಿತು ವರದಿ. ಹೇಳುವುದನ್ನು ಕಲಿಸಿ, ಹೇಳಿದ್ದು ನಡೆಯದಿದ್ದರೆ ಮುಂದೇನು ಎಂಬುದನ್ನು ಕಲಿಸದೆ ಬಿಟ್ಟರೆ ಕೊನೆಯ ಗಳಿಗೆಯಲ್ಲಿ ಮನುಷ್ಯ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಇದಕ್ಕಾಗಿಯೇ ಕಾಕ್‌ಪಿಟ್‌ಗಳಲ್ಲಿ ‘ಎರಡು ಸಲದ ನಿಯಮ’ ಬಳಕೆಗೆ ಬಂತು. ಎರಡು ಸಲ ಸ್ಪಷ್ಟವಾಗಿ ಹೇಳಿದರೂ ಉತ್ತರ ಬಾರದಿದ್ದರೆ ಇನ್ನೊಬ್ಬ ಪೈಲಟ್ ನಿಯಂತ್ರಣ ತೆಗೆದುಕೊಳ್ಳಬೇಕು. ನಿಮ್ಮ ವಿಭಾಗದಲ್ಲಿ ಯಾವ ಮೂರು ನಾಲ್ಕು ಸಂದರ್ಭಗಳಲ್ಲಿ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು ಎಂಬುದನ್ನು ಬರೆದು, ಓದಿ ಹೇಳಿ, ಗೋಡೆಗೆ ಅಂಟಿಸಿ. ‘ಏನಾದ್ರೂ ಇದ್ರೆ ನಿಲ್ಸಿ’ ಎಂಬ ಬಾಯಿಮಾತು ಸಾಲದು.

ಫೋನಿನಲ್ಲಿ ಹೇಳಬೇಕಾದಾಗ ಇನ್ನೊಂದು ಕ್ರಮ ಆಸ್ಪತ್ರೆಗಳಲ್ಲಿದೆ. ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನಿಮ್ಮಿಂದ ಬೇಕಾದದ್ದು, ಈ ನಾಲ್ಕನ್ನು ಅದೇ ವರಸೆಯಲ್ಲಿ ಹೇಳುವುದು. ‘ಡಾಕ್ಟ್ರೇ, 12ನೇ ಬೆಡ್ ಪೇಷಂಟ್ ಬಿಪಿ 84/50ಕ್ಕೆ ಇಳಿದಿದೆ. ಬೆಳಿಗ್ಗೆ ಹೊಟ್ಟೆ ಆಪರೇಷನ್ ಆಗಿದೆ. ಒಳಗೆ ರಕ್ತ ಹೋಗ್ತಿರಬಹುದು ಅನ್ಸುತ್ತೆ. ನೀವು ಈಗಲೇ ಬಂದು ನೋಡಬೇಕು.’ ಮೂರನೇ ಮತ್ತು ನಾಲ್ಕನೇ ಭಾಗವನ್ನು ಹೇಳಲು ಕಿರಿಯರು ಹಿಂಜರಿಯುತ್ತಾರೆ, ಅದು ತಮ್ಮ ಮಟ್ಟದ ಮಾತಲ್ಲ ಎಂದುಕೊಳ್ಳುತ್ತಾರೆ. ಕೇಳಿಸಿಕೊಳ್ಳುವ ಹಿರಿಯರು ‘ನಿಮಗೇನನ್ಸುತ್ತೆ? ನಾನೇನು ಮಾಡಬೇಕು?’ ಎಂದು ಕೇಳಿಯೇ ಆ ಭಾಗಗಳನ್ನು ಹೊರತರಬೇಕು.

ಕಲಿಸಬಹುದಾದ ಕೆಲಸ

1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್ ವಿಮಾನವೊಂದು ಚಕ್ರದ ತೊಂದರೆಯನ್ನು ಪರೀಕ್ಷಿಸುತ್ತ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತಿತು. ಇಂಧನ ಮುಗಿದು ಬಿತ್ತು, 10 ಜನ ಸತ್ತರು. ಇಂಧನದ ಮಟ್ಟದ ಬಗ್ಗೆ ಜೊತೆಯವರು ಹೇಳಿದ್ದಕ್ಕೆ ಕ್ಯಾಪ್ಟನ್ ಸರಿಯಾಗಿ ಸ್ಪಂದಿಸಲಿಲ್ಲ, ಜೊತೆಯವರೂ ಆತಂಕವನ್ನು ಪೂರ್ತಿ ಮುಟ್ಟಿಸಲಿಲ್ಲ ಎಂದು ತನಿಖೆ ಕಂಡುಕೊಂಡಿತು. ಮರುವರ್ಷ, 1979ರಲ್ಲಿ, ನಾಸಾ ಈ ವಿಷಯದ ಮೇಲೆಯೇ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಕಂಪನಿ ತನ್ನ ಪೈಲಟ್‌ಗಳಿಗೆ ತರಬೇತಿ ಆರಂಭಿಸಿತು. ಇದನ್ನೇ ಈಗ ಸಿಆರ್‌ಎಂ (ಕ್ರ್ಯೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ಎನ್ನುತ್ತಾರೆ. ಭಾರತದಲ್ಲೂ ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ಇದನ್ನು ವಿಮಾನ ಸಿಬ್ಬಂದಿಗೆ ಕಡ್ಡಾಯ ಮಾಡಿದೆ.

ಇದರ ಫಲ ಕಂಡದ್ದು 1989ರ ಜುಲೈ 19ರಂದು. ಅದೇ ಕಂಪನಿಯ ಡಿಸಿ-10 ವಿಮಾನದ ಬಾಲದ ಎಂಜಿನ್ ಒಡೆದು, ರೆಕ್ಕೆ ಮತ್ತು ಬಾಲದ ಭಾಗಗಳನ್ನು ತಿರುಗಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಸತ್ತುಹೋದವು. ಕ್ಯಾಪ್ಟನ್ ಆಲ್ ಹೇನ್ಸ್‌ಗೆ ಅಂಥ ಪರಿಸ್ಥಿತಿಗೆ ಯಾವ ಕೈಪಿಡಿಯೂ ಇರಲಿಲ್ಲ. ಪ್ರಯಾಣಿಕರ ನಡುವೆ ಡೆನ್ನಿ ಫಿಚ್ ಎಂಬ ತರಬೇತಿ ಪೈಲಟ್ ಇದ್ದಾರೆಂದು ತಿಳಿದಾಗ ಅವರನ್ನು ಒಳಗೆ ಕರೆದು, ಉಳಿದ ಎರಡು ಎಂಜಿನ್‌ಗಳ ವೇಗ ಹೆಚ್ಚುಕಡಿಮೆ ಮಾಡುತ್ತ ವಿಮಾನ ತಿರುಗಿಸುವ ಕೆಲಸ ಒಪ್ಪಿಸಿದರು. ಸೂ ಸಿಟಿಯಲ್ಲಿ ವಿಮಾನ ನೆಲಕ್ಕಪ್ಪಳಿಸಿ 112 ಜನ ಸತ್ತರು, 184 ಜನ ಬದುಕಿದರು. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಾತಾಡುವಂತೆ ನಡೆಸಿದ್ದರಿಂದಲೇ ಅಷ್ಟು ಸಾಧ್ಯವಾಯಿತು ಎಂದು ಹೇನ್ಸ್ ಮುಂದೆ ಹಲವೆಡೆ ಹೇಳಿದರು, ಆ ತರಬೇತಿಯನ್ನು ನೆನೆದರು. ಕೇಳುವುದು ಹುಟ್ಟುಗುಣವೇನಲ್ಲ. ಅಭ್ಯಾಸದಿಂದ ಬರುವ ಕೆಲಸ ಅದು.

ಕೇಳುವುದು ಎಂದರೆ ಏನು ಮಾಡುವುದು?

ಮೊದಲ ಹತ್ತು ಸೆಕೆಂಡಿನಿಂದ ಆರಂಭಿಸೋಣ, ಏಕೆಂದರೆ ಬಹಳಷ್ಟು ಕೆಡುವುದು ಅಲ್ಲೇ. ಕೆಟ್ಟ ಸುದ್ದಿ ತಂದವರಿಗೆ ನಿಮ್ಮ ಮೊದಲ ಪ್ರತಿಕ್ರಿಯೆ ‘ಯಾರು ಮಾಡಿದ್ದು?’ ಎಂದಾದರೆ, ಆ ಕ್ಷಣದಿಂದ ಅವರ ಗಮನ ಸಮಸ್ಯೆಯಿಂದ ತಮ್ಮ ರಕ್ಷಣೆಯ ಕಡೆ ಹೊರಳುತ್ತದೆ. ಸುತ್ತ ನಿಂತ ಐದಾರು ಜನವೂ ಅದನ್ನು ನೋಡಿ ಪಾಠ ಕಲಿಯುತ್ತಾರೆ. ‘ಹೇಳಿದ್ದು ಒಳ್ಳೇದಾಯ್ತು. ಈಗ ಎಷ್ಟು ಪೀಸ್‌ಗೆ ಹೀಗಾಗಿದೆ? ಮೊದಲು ಏನು ನಿಲ್ಲಿಸಬೇಕು?’ ಎಂದು ಕೇಳಿ. ಯಾರು, ಯಾಕೆ ಎಂಬ ವಿಚಾರಣೆ ಸಂಜೆ ನಡೆದರೂ ನಷ್ಟವಿಲ್ಲ.

ಕೆಲಸದಲ್ಲಿ ಮುಳುಗಿದ್ದರೆ ಅರ್ಧ ಕಿವಿ ಕೊಡುವುದಕ್ಕಿಂತ ‘ಹತ್ತು ನಿಮಿಷ ಬಿಟ್ಟು ನಾನೇ ಬರ್ತೀನಿ’ ಎಂದು ಹೇಳಿ, ಹೇಳಿದಂತೆ ಹೋಗಿ. ಮೊಬೈಲ್ ನೋಡುತ್ತ ಕೇಳಿದ್ದು ಕೇಳಿದಂತಲ್ಲ, ಅದು ಎದುರಿನವರಿಗೆ ಕೂಡಲೇ ಗೊತ್ತಾಗುತ್ತದೆ.

ಪ್ರಶ್ನೆ ಕೇಳುವ ರೀತಿಯೂ ಬದಲಾಗಬೇಕು. ‘ಏನಾದ್ರೂ ತೊಂದರೆ ಇದೆಯಾ?’ ಎಂದರೆ ‘ಇಲ್ಲ ಸರ್’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಹಾಗೆ ಹೇಳುವುದು ಸುಲಭ, ಸುರಕ್ಷಿತ. ‘ಇವತ್ತಿನ ಟಾರ್ಗೆಟ್ ತಪ್ಪೋದಾದ್ರೆ ಎಲ್ಲಿ ತಪ್ಪಬಹುದು?’ ಎಂದು ಕೇಳಿದರೆ ತೊಂದರೆ ಇದ್ದೇ ಇರುತ್ತದೆ ಎಂದು ನೀವೇ ಒಪ್ಪಿಕೊಂಡಂತೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವಷ್ಟು ಕಾಯಿರಿ. ಮೌನ ಕಸಿವಿಸಿ ಮಾಡುತ್ತದೆ, ಅದನ್ನು ನೀವೇ ತುಂಬಿಬಿಟ್ಟರೆ ಉತ್ತರ ಒಳಗೇ ಉಳಿಯುತ್ತದೆ.

ಮೀಟಿಂಗ್‌ನಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಲಿ, ಮುಖ್ಯಸ್ಥರು ಕೊನೆಗೆ. ಮ್ಯಾನೇಜರ್ ‘ನನಗನ್ಸೋದು ಹೀಗೆ, ನೀವೇನಂತೀರಿ?’ ಎಂದು ಶುರು ಮಾಡಿದರೆ ಉಳಿದ ಚರ್ಚೆಯೆಲ್ಲ ಆ ಅಭಿಪ್ರಾಯದ ಸುತ್ತಲೇ ನಡೆಯುತ್ತದೆ.

ಇನ್ನೊಂದು, ಮಾತು ಎರಡೂ ಕಡೆಗೆ ಒಂದೇ ಅರ್ಥ ಕೊಟ್ಟಿದೆಯೇ ಎಂದು ನೋಡುವುದು. ಟೆನೆರಿಫ್ ನಂತರ ರೇಡಿಯೊ ಭಾಷೆಯೇ ಬದಲಾಯಿತು. ‘ಟೇಕಾಫ್’ ಎಂಬ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ಹಿಂಪಡೆಯುವಾಗ ಮಾತ್ರ ಬಳಸಬೇಕು. ಬರೀ ಓಕೆ ಎಂದರೆ ಸಾಲದು, ಆದೇಶದ ಮುಖ್ಯ ಭಾಗಗಳನ್ನು ಪೈಲಟ್ ತಿರುಗಿ ಹೇಳಬೇಕು. ಆಫೀಸಿನಲ್ಲಿ ‘ಅರ್ಥ ಆಯ್ತಾ?’ ಎಂಬ ಪ್ರಶ್ನೆಗೆ ‘ಆಯ್ತು ಸರ್’ ಎನ್ನದವರು ಅಪರೂಪ. ಅದರ ಬದಲು ‘ನಾನು ಸರಿಯಾಗಿ ಹೇಳಿದ್ನಾ ನೋಡೋಣ, ನೀವು ಈಗ ಹೋಗಿ ಮೊದಲು ಏನು ಮಾಡ್ತೀರಿ?’ ಎಂದು ಕೇಳಿ. ಪರೀಕ್ಷೆ ನಿಮ್ಮ ವಿವರಣೆಗೆ, ಅವರ ಬುದ್ಧಿಗಲ್ಲ ಎಂಬುದು ಧ್ವನಿಯಲ್ಲೇ ತಿಳಿಯಬೇಕು. ಅವರು ಏನಾದರೂ ಹೇಳಿದಾಗಲೂ ಇದೇ ಕ್ರಮ. ‘ಅಂದ್ರೆ, ಎರಡನೇ ಮಷೀನ್ ಊಟದ ನಂತರ ಮಾತ್ರ ತೊಂದರೆ ಕೊಡ್ತಿದೆ ಅಂತೀರಾ?’ ಎಂದು ತಿರುಗಿ ಹೇಳಿದರೆ ಕೇಳಿಸಿಕೊಂಡಿದ್ದು ಅವರಿಗೂ ಖಾತ್ರಿಯಾಗುತ್ತದೆ, ತಪ್ಪಾಗಿ ಕೇಳಿಸಿದ್ದರೆ ಅಲ್ಲೇ ತಿದ್ದುಪಡಿಯೂ ಆಗುತ್ತದೆ.

ಇಷ್ಟೆಲ್ಲ ಮಾಡಿಯೂ ಹೆಚ್ಚಿನವರು ಸೋಲುವುದು ಮುಂದಿನ ಹೆಜ್ಜೆಯಲ್ಲಿ. ಹೇಳಿದವರಿಗೆ ಏನಾಯಿತೆಂದು ತಿಳಿಸುವುದಿಲ್ಲ. ಒಂದು ಸಾದಾ ನೋಟ್‌ಬುಕ್ ಸಾಕು, ನಾಲ್ಕು ಕಾಲಂ: ದಿನ, ಯಾರು ಹೇಳಿದರು, ಏನು ಹೇಳಿದರು, ಏನು ಮಾಡಿದೆವು. ಕೊನೆಯ ಕಾಲಂ ಒಂದು ವಾರಕ್ಕಿಂತ ಹೆಚ್ಚು ಖಾಲಿ ಉಳಿಯಬಾರದು. ಮಾಡಲು ಆಗದಿದ್ದರೂ ಹೋಗಿ ಹೇಳಬೇಕು: ‘ಫ್ಯಾನ್ ಈ ತಿಂಗಳು ಬರಲ್ಲ, ಬಜೆಟ್ ಸಿಗಲಿಲ್ಲ. ಮಾರ್ಚ್‌ನಲ್ಲಿ ಮತ್ತೆ ಕೇಳ್ತೀನಿ.’ ‘ಇಲ್ಲ’ ಎಂಬ ಉತ್ತರವನ್ನು ಜನ ಸಹಿಸುತ್ತಾರೆ. ಉತ್ತರವೇ ಬಾರದಿದ್ದರೆ ಎರಡು ಮೂರು ಸಲ ನೋಡಿ ಹೇಳುವುದನ್ನೇ ಬಿಡುತ್ತಾರೆ.

ಮರ್ಯಾದೆ ಕಾಣುವ ಜಾಗಗಳು

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಒಂದು ಪಟ್ಟಿ ತಂದಿತು. ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿಯನ್ನು ಹೊರಗೆ ಕಳಿಸುವ ಮೊದಲು, ಹೀಗೆ ಮೂರು ಕಡೆ ನಿಂತು ಅದನ್ನು ಓದಬೇಕು. ಎರಡನೇ ನಿಲುಗಡೆಯಲ್ಲಿ ಒಂದು ಅಂಶ ನೋಡಲು ಬಹಳ ಸಣ್ಣದು: ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು. ಒಮ್ಮೆ ಎಲ್ಲರೆದುರು ಬಾಯಿ ತೆರೆದವರಿಗೆ, ಮುಂದೆ ಏನಾದರೂ ತಪ್ಪು ಕಂಡಾಗ ಹೇಳುವುದು ಸುಲಭ ಎಂಬುದು ಇದರ ಹಿಂದಿನ ಲೆಕ್ಕಾಚಾರ. ನವದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ, ದೊಡ್ಡ ತೊಡಕುಗಳು ಶೇ 11ರಿಂದ 7ಕ್ಕೆ ಇಳಿದಿದ್ದವು.

ಆದರೆ ಕೆನಡಾದ ಒಂಟಾರಿಯೊದಲ್ಲಿ ಇದೇ ರೀತಿಯ ಪಟ್ಟಿಯನ್ನು ಆಸ್ಪತ್ರೆಗಳು ಜಾರಿಗೆ ತಂದ ಮೇಲೆ ಅಲ್ಲಿನ 101 ಆಸ್ಪತ್ರೆಗಳ ದಾಖಲೆ ನೋಡಿದಾಗ ಗಮನಾರ್ಹ ಇಳಿಕೆ ಕಾಣಲಿಲ್ಲ. 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹೀಗೆ ಕಂಡದ್ದರ ಕಾರಣಗಳ ಬಗ್ಗೆ ವಾದಗಳಿವೆ. ಮೇಲಿನಿಂದ ಬಂತೆಂದು ಟಿಕ್ ಹಾಕಿ ಮುಗಿಸುವುದಕ್ಕೂ, ತಂಡ ನಿಂತು ಮಾತಾಡುವುದಕ್ಕೂ ವ್ಯತ್ಯಾಸವಿದೆ ಎಂಬುದು ಅವುಗಳಲ್ಲಿ ಪ್ರಬಲವಾದದ್ದು. ಕಾಗದ ತುಂಬಿದ ಮಾತ್ರಕ್ಕೆ ಸಂವಾದ ನಡೆದಂತಾಗುವುದಿಲ್ಲ.

ಹೆಸರು ಹಿಡಿದು ಕರೆಯುವುದು ನಮ್ಮಲ್ಲೂ ಮುಖ್ಯ. ಹೆಲ್ಪರ್‌ಗಳನ್ನು, ಹೌಸ್‌ಕೀಪಿಂಗ್‌ನವರನ್ನು, ಗುತ್ತಿಗೆ ಕೆಲಸಗಾರರನ್ನು ‘ಏಯ್’, ‘ಬಾ ಇಲ್ಲಿ’ ಎಂದು ಏಕವಚನದಲ್ಲಿ ಕರೆದು, ಅವರೇ ಅಪಾಯದ ಸುದ್ದಿ ತರಲಿ ಎಂದು ನಿರೀಕ್ಷಿಸುವುದು ಆಗದ ಮಾತು. ವಯಸ್ಸಿನಲ್ಲಿ ಹಿರಿಯರಾದ ಕೈಕೆಳಗಿನವರಿಗೆ ‘ನೀವು’, ಹೆಸರಿನ ಜೊತೆ ‘ಅವರೇ’ ಅಥವಾ ಆಯಾ ಊರಿನ ರೂಢಿಯಂತೆ ಅಣ್ಣ, ಅಕ್ಕ ಸೇರಿಸಿದರೆ ಮೇಲಿನವರ ಅಧಿಕಾರ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ತಪ್ಪನ್ನು ಒಬ್ಬರನ್ನೇ ಕೂರಿಸಿ ಹೇಳಿ, ಹೇಳುವಾಗ ನಡೆದ ಕೆಲಸದ ಬಗ್ಗೆ ಹೇಳಿ. ‘ಮೂರು ದಿನದಿಂದ ಎಂಟ್ರಿ ತಡವಾಗ್ತಿದೆ, ಏನಾಗ್ತಿದೆ?’ ಎಂಬುದಕ್ಕೆ ಉತ್ತರ ಕೊಡಬಹುದು. ‘ನಿಮಗೆ ಜವಾಬ್ದಾರಿಯೇ ಇಲ್ಲ’ ಎಂಬುದಕ್ಕೆ ಉತ್ತರವಿಲ್ಲ, ನೋವು ಮಾತ್ರ ಇರುತ್ತದೆ.

ಹಗ್ಗ ಎಳೆದರೆ ಬರುವವರು ಯಾರು?

ಟೊಯೊಟಾ ಕಂಪನಿಯ ಕಾರ್ಖಾನೆಗಳ ‘ಆಂಡಾನ್’ ವ್ಯವಸ್ಥೆ ಬಹಳ ಹೆಸರಾದದ್ದು. ಸಾಲಿನಲ್ಲಿ ಕೆಲಸ ಮಾಡುವವರಿಗೆ ತೊಂದರೆ ಕಂಡರೆ ತಲೆಯ ಮೇಲಿನ ಹಗ್ಗ ಎಳೆಯುತ್ತಾರೆ, ಇಲ್ಲವೇ ಗುಂಡಿ ಒತ್ತುತ್ತಾರೆ. ಫಲಕದಲ್ಲಿ ದೀಪ ಹೊತ್ತಿ ಸದ್ದಾಗುತ್ತದೆ. ತಂಡದ ಮುಖ್ಯಸ್ಥರು ಅಲ್ಲಿಗೆ ಬರುತ್ತಾರೆ. ಗೊತ್ತುಪಡಿಸಿದ ಗಡಿ ತಲುಪುವ ಮೊದಲು ಸರಿಯಾದರೆ ಸಾಲು ನಿಲ್ಲುವುದಿಲ್ಲ, ಸರಿಯಾಗದಿದ್ದರೆ ನಿಲ್ಲುತ್ತದೆ.

ಇದನ್ನು ನೋಡಿ ಹಗ್ಗ ಕಟ್ಟಿಸಿ ಸೋತ ಕಾರ್ಖಾನೆಗಳಿವೆ. ಕಾರಣ ಊಹಿಸಬಹುದು. ಹಗ್ಗ ಎಳೆದರೆ ನೆರವಿಗೆ ಬರುವವರು ಹತ್ತಿರದಲ್ಲೇ ಇರಬೇಕು, ಬೇಗ ಬರಬೇಕು, ಬಂದವರು ಗದರಬಾರದು. ಒಬ್ಬ ಸೂಪರ್‌ವೈಸರ್‌ಗೆ ಐವತ್ತು ಜನರನ್ನು ಒಪ್ಪಿಸಿ, ಗಂಟೆಗಂಟೆಗೂ ಪ್ರೊಡಕ್ಷನ್ ಲೆಕ್ಕ ಕೇಳುತ್ತಿದ್ದರೆ ಅವರಿಗೆ ಕೇಳಿಸಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಅವರ ಸ್ವಭಾವವನ್ನು ದೂರುವ ಮೊದಲು ಅವರ ಮೇಲಿರುವ ಹೊರೆಯನ್ನು ನೋಡಬೇಕು. ಮೇಲಿನಿಂದ ಬೈಗುಳ ತಿಂದವರು ಕೆಳಗೆ ಸಮಾಧಾನದಿಂದ ಕೇಳುವುದು ಕಷ್ಟ.

ಎಲ್ಲಿ ಕೆಡುತ್ತದೆ?

‘ನನ್ನ ಬಾಗಿಲು ಯಾವಾಗಲೂ ತೆರೆದಿರುತ್ತದೆ’ ಎನ್ನುವವರು ಬಹಳ ಜನ. ಆ ಬಾಗಿಲಿನವರೆಗೆ ನಡೆದು ಬರುವುದೇ ಕಿರಿಯರಿಗೆ ಕಷ್ಟ, ಉಳಿದವರು ನೋಡುತ್ತಿರುತ್ತಾರೆ. ನೀವೇ ಅವರ ಜಾಗಕ್ಕೆ ಹೋಗಬೇಕು, ದಿನವೂ ಸುಮಾರು ಅದೇ ಹೊತ್ತಿಗೆ. ತೊಂದರೆ ಇದ್ದಾಗ ಮಾತ್ರ ಹೋದರೆ ನಿಮ್ಮನ್ನು ಕಂಡ ಕೂಡಲೇ ಜನ ಬೆದರುತ್ತಾರೆ.

ನಿರ್ಧಾರ ಆದ ಮೇಲೆ ಅಭಿಪ್ರಾಯ ಕೇಳುವುದು ಇನ್ನೂ ಹಾನಿಕರ. ಆಗಿಹೋದದ್ದಾದರೆ ‘ಇದು ತೀರ್ಮಾನ ಆಗಿದೆ, ಜಾರಿ ಮಾಡೋದು ಹೇಗೆ ಅಂತ ಮಾತ್ರ ಕೇಳ್ತಿದ್ದೀನಿ’ ಎಂದು ನೇರವಾಗಿ ಹೇಳಿಬಿಡಿ. ವಾಟ್ಸ್‌ಆ್ಯಪ್ ಗ್ರೂಪ್ ಸೂಚನೆ ಕಳಿಸಲು ಸಾಕು. ಭಿನ್ನಾಭಿಪ್ರಾಯ ಹೇಳಲು ಅದು ಜಾಗವಲ್ಲ, ಅಲ್ಲಿ ಸಿಗುವ ನಲವತ್ತು ಹೆಬ್ಬೆರಳುಗಳನ್ನು ಒಪ್ಪಿಗೆ ಎಂದು ಎಣಿಸಬೇಡಿ.

ಮುಕ್ತವಾಗಿ ಮಾತಾಡುವುದೆಂದರೆ ಎಲ್ಲ ಹೊತ್ತಿನಲ್ಲೂ ಎಲ್ಲವನ್ನೂ ಮಾತಾಡುವುದೂ ಅಲ್ಲ. ವಿಮಾನ 10,000 ಅಡಿಗಿಂತ ಕೆಳಗಿರುವಾಗ ಹಾರಾಟಕ್ಕೆ ಸಂಬಂಧವಿಲ್ಲದ ಮಾತೇ ಕೂಡದು ಎಂಬ ನಿಯಮ ಅಮೆರಿಕದಲ್ಲಿ 1981ರಲ್ಲಿ ಬಂತು. ಕ್ಯಾಷ್ ತಾಳೆ ನೋಡುವಾಗ, ಔಷಧಿ ಅಳೆಯುವಾಗ ನಿಮ್ಮಲ್ಲೂ ಅಂಥ ನಿಶ್ಶಬ್ದದ ಹೊತ್ತು ಇರಲಿ.

ಇನ್ನೊಂದು ಭಯ, ತಪ್ಪು ಹೇಳಿಕೊಂಡವರನ್ನೆಲ್ಲ ಬಿಟ್ಟುಬಿಟ್ಟರೆ ಶಿಸ್ತು ಹಾಳಾಗುವುದಿಲ್ಲವೇ ಎಂಬುದು. ಸುರಕ್ಷತಾ ತಜ್ಞರು ಇದಕ್ಕೆ ತಪ್ಪುಗಳನ್ನು ಮೂರಾಗಿ ವಿಂಗಡಿಸುತ್ತಾರೆ. ಕೈತಪ್ಪಿನಿಂದ ಆದದ್ದಕ್ಕೆ ಸಮಾಧಾನ ಹೇಳಿ, ಮತ್ತೆ ಆಗದಂತೆ ಕೆಲಸದ ಕ್ರಮ ಬದಲಿಸಬೇಕು. ಅಪಾಯವನ್ನು ಹಗುರವಾಗಿ ಕಂಡು ಅಡ್ಡದಾರಿ ಹಿಡಿದವರಿಗೆ ತಿಳಿಹೇಳಿ, ಆ ಅಡ್ಡದಾರಿ ಯಾಕೆ ಬೇಕಾಯಿತೆಂದು ನೋಡಬೇಕು. ಗೊತ್ತಿದ್ದೂ ಇತರರ ಜೀವಕ್ಕೆ ಅಪಾಯ ತಂದವರಿಗೆ ಶಿಕ್ಷೆ. ಮೂರನೆಯವರಿಗೆ ಕೊಡಬೇಕಾದ ಶಿಕ್ಷೆಯನ್ನು ಮೊದಲನೆಯವರಿಗೆ ಕೊಟ್ಟರೆ ತಪ್ಪುಗಳು ಕಡಿಮೆಯಾಗುವುದಿಲ್ಲ, ಮುಚ್ಚಿಡುವುದು ಹೆಚ್ಚಾಗುತ್ತದೆ.

ಮೇಲಧಿಕಾರಿಯೇ ತೊಂದರೆಯಾಗಿರುವಾಗ ಅವರಿಗೇ ಹೋಗಿ ಹೇಳಿ ಎನ್ನಲಾಗದು. ಅದಕ್ಕೆ ಕಾನೂನಿನಲ್ಲೇ ಬೇರೆ ದಾರಿಗಳಿವೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಗಳಲ್ಲಿ ಮಾಲೀಕರ ಮತ್ತು ಕಾರ್ಮಿಕರ ಕಡೆಯಿಂದ ಸಮಸಂಖ್ಯೆಯ ಸದಸ್ಯರಿರುವ ದೂರು ಪರಿಹಾರ ಸಮಿತಿ ಇರಬೇಕು. ಲೈಂಗಿಕ ಕಿರುಕುಳದ ದೂರುಗಳಿಗೆ 2013ರ ಕಾಯ್ದೆಯಂತೆ, 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆಯೆಲ್ಲ ಆಂತರಿಕ ಸಮಿತಿ ಕಡ್ಡಾಯ. ಸಮಿತಿಯಲ್ಲಿ ಯಾರಿದ್ದಾರೆ ಎಂಬುದು ಹೊಸದಾಗಿ ಸೇರಿದ ಹೆಲ್ಪರ್‌ಗೂ ಗೊತ್ತಿರುವಂತೆ ನೋಡಿಕೊಳ್ಳುವುದು ತಂಡ ನಡೆಸುವವರ ಹೊಣೆ.

ಫಲ ಬಂತೆಂದು ತಿಳಿಯುವುದು ಹೇಗೆ?

ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆಂಬ ನಿರೀಕ್ಷೆ ಅವರದಾಗಿತ್ತು. ಲೆಕ್ಕ ತಿರುಗುಮುರುಗಾಗಿ ಬಂತು, ಚೆನ್ನಾಗಿ ನಡೆಯುವ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚು. ಆಳವಾಗಿ ನೋಡಿದಾಗ ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಹೇಳಿಕೊಳ್ಳುತ್ತಿದ್ದವು ಎಂಬ ಸುಳಿವು ಸಿಕ್ಕಿತು. ಮಾತಾಡಿದರೆ ಅವಮಾನವಾಗುವುದಿಲ್ಲ, ಶಿಕ್ಷೆಯಾಗುವುದಿಲ್ಲ ಎಂದು ತಂಡದವರೆಲ್ಲ ನಂಬಿರುವ ಆ ಸ್ಥಿತಿಯನ್ನು ಅವರು 1999ರ ಪ್ರಬಂಧದಲ್ಲಿ ತಂಡದ ಮಾನಸಿಕ ಸುರಕ್ಷತೆ ಎಂದು ಕರೆದರು.

ಹಾಗಾಗಿ ನೀವು ಈ ಕ್ರಮಗಳನ್ನು ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ದೂರುಗಳು, ಸಣ್ಣಪುಟ್ಟ ತಪ್ಪಿನ ವರದಿಗಳು ಹೆಚ್ಚಾಗಬಹುದು. ಮೇಲಿನವರಿಗೆ ಇದನ್ನು ಮುಂಚೆಯೇ ಹೇಳಿಟ್ಟುಕೊಳ್ಳಿ, ಇಲ್ಲದಿದ್ದರೆ ನಿಮ್ಮ ವಿಭಾಗ ಕೆಡುತ್ತಿದೆ ಎಂದು ಅವರು ತಿಳಿಯುತ್ತಾರೆ. ಆಗ ನಾಲ್ಕು ಕಾಲಂನ ನೋಟ್‌ಬುಕ್ಕನ್ನೇ ತೆಗೆದು ತೋರಿಸಬಹುದು. ಅದರ ಎರಡನೇ ಕಾಲಂ ಅನ್ನು ತಿಂಗಳಿಗೊಮ್ಮೆ ನೀವೂ ಓದಿ. ಅದೇ ಮೂರು ಜನರ ಹೆಸರು ಮತ್ತೆ ಮತ್ತೆ ಬರುತ್ತಿದ್ದರೆ, ಉಳಿದವರ ಬಳಿಗೆ ಮುಂದಿನ ವಾರ ನೀವೇ ಹೋಗಬೇಕು.